ಆರೋಗ್ಯ ವಿಮೆ: ತೆಗೆದ ತೆರಿಗೆ ಎಲ್ಲಿಗೆ ಹೋಯಿತು?

ಮಾನ್ಯ ಸಂಪಾದಕರೇ,

ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪೂರ್ತಿಯಾಗಿ ರದ್ದಾಯಿತು. ಜಿಎಸ್‌ಟಿ ಮಂಡಳಿಯ ಈ ನಿರ್ಧಾರ ಪ್ರಕಟವಾದ ದಿನ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕಟ್ಟಡದ ಹಿರಿಯರೆಲ್ಲ ಸಂತೋಷಪಟ್ಟೆವು. ನವೆಂಬರಿನಲ್ಲಿ ನನ್ನ ಪಾಲಿಸಿಯ ನವೀಕರಣದ ನೋಟೀಸು ಬಂದಾಗ, ಆಯುಷ್ಯವೆಲ್ಲ ಲೆಕ್ಕಪತ್ರ ಬರೆದ ಅಭ್ಯಾಸದಿಂದ, ಹಿಂದಿನ ಎರಡು ವರ್ಷಗಳ ರಸೀದಿಗಳನ್ನೂ ತೆಗೆದು ಪಕ್ಕದಲ್ಲಿಟ್ಟು ನೋಡಿದೆ. ಆ ಲೆಕ್ಕವನ್ನು ಓದುಗರ ಮುಂದಿಡುವುದು ಅಗತ್ಯವೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನನಗೆ 67 ವರ್ಷ, ಪತ್ನಿಗೆ 62. ಇಬ್ಬರಿಗೂ ಸೇರಿ ಹತ್ತು ಲಕ್ಷ ರೂಪಾಯಿಯ ಪಾಲಿಸಿಯಿದೆ. 2023ರಲ್ಲಿ ಮೂಲ ಕಂತು 48,000 ರೂಪಾಯಿ, ತೆರಿಗೆ 8,640 ರೂಪಾಯಿ, ಒಟ್ಟು 56,640 ರೂಪಾಯಿ ಕಟ್ಟಿದ್ದೆವು. 2024ರಲ್ಲಿ ಮೂಲ ಕಂತು 55,200, ತೆರಿಗೆ 9,936, ಒಟ್ಟು 65,136. ಈ ಸಲ ತೆರಿಗೆಯ ಸಾಲಿನಲ್ಲಿ ಸೊನ್ನೆಯಿತ್ತು, ಆದರೆ ಮೂಲ ಕಂತು 60,720ಕ್ಕೆ ಏರಿತ್ತು. ಅಂದರೆ ಹಿಂದಿನ ವರ್ಷ ತೆರಿಗೆಯೆಂದು ಕೊಟ್ಟ 9,936 ರೂಪಾಯಿಯಲ್ಲಿ 5,520 ರೂಪಾಯಿ ಮೂಲ ಕಂತಿನೊಳಗೆ ಸೇರಿಹೋಗಿ, ನಮ್ಮ ಕೈಯಲ್ಲಿ ಉಳಿದದ್ದು 4,416 ರೂಪಾಯಿ. ಮುಂದಿನ ನವೆಂಬರಿನಲ್ಲಿ ಇದೇ ಪ್ರಮಾಣದಲ್ಲಿ ಏರಿದರೆ ಕಂತು 66,792 ಆಗುತ್ತದೆ. ತೆರಿಗೆಯಿದ್ದ ಕಾಲದಲ್ಲಿ ಕಟ್ಟಿದ್ದಕ್ಕಿಂತ ಅದು ಹೆಚ್ಚು. ಸರ್ಕಾರ ಬಿಟ್ಟುಕೊಟ್ಟ ತೆರಿಗೆ ಎರಡೇ ನವೀಕರಣಗಳಲ್ಲಿ ಕರಗಿಹೋಗುವುದಾದರೆ ಅದರ ಪ್ರಯೋಜನ ಯಾರಿಗಾಯಿತು ಎಂದು ಕೇಳುವ ಹಕ್ಕು ನಮಗಿದೆ ಎಂದು ಭಾವಿಸುತ್ತೇನೆ.

ಮೂಲ ಕಂತು ಸರಿಯಾಗಿ ಶೇ 10 ಏರಿರುವುದು ಆಕಸ್ಮಿಕವಿರಲಾರದು. ಅರವತ್ತು ದಾಟಿದವರ ಕಂತನ್ನು ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವ ಮೊದಲು ವಿಮಾ ಕಂಪನಿಗಳು ತನ್ನೊಡನೆ ಸಮಾಲೋಚಿಸಬೇಕೆಂದು ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ 2025ರ ಜನವರಿಯಲ್ಲಿ ಆದೇಶಿಸಿತು. ಅದಕ್ಕಿಂತ ಹಿಂದೆ ಒಂದೇ ವರ್ಷದಲ್ಲಿ ಕಂತು ಒಂದೂವರೆ ಪಟ್ಟಾದವರನ್ನು ನಾನು ಬಲ್ಲೆನಾದ್ದರಿಂದ ಈ ಆದೇಶ ಬೇಕಾಗಿಯೇ ಇತ್ತು. ಆದರೆ ಮೇಲ್ಮಿತಿಯೆಂದು ಎಳೆದ ಗೆರೆಯೇ ಪ್ರತಿ ವರ್ಷದ ವಾಡಿಕೆಯಾದರೆ, ಅರವತ್ತನೆಯ ವಯಸ್ಸಿನಲ್ಲಿ 40,000 ರೂಪಾಯಿ ಕಟ್ಟುವವರು ಎಪ್ಪತ್ತಕ್ಕೆ ಬರುವಾಗ 1,03,750 ರೂಪಾಯಿ ಕಟ್ಟಬೇಕಾಗುತ್ತದೆ. ಪಿಂಚಣಿಯಿಲ್ಲದೆ, ಠೇವಣಿಯ ಬಡ್ಡಿಯಲ್ಲಿ ಬದುಕುವವರ ಆದಾಯ ಆ ಹತ್ತು ವರ್ಷಗಳಲ್ಲಿ ಎರಡೂವರೆ ಪಟ್ಟಾಗುವುದಿಲ್ಲ.

ಆ ಹತ್ತು ವರ್ಷಗಳ ಬಗ್ಗೆಯೇ ಒತ್ತಿ ಹೇಳಬೇಕೆಂದಿದ್ದೇನೆ. 2018ರಲ್ಲಿ ನಾನು ನಿವೃತ್ತನಾದ ತಿಂಗಳೇ ಕಂಪನಿಯ ಗುಂಪು ವಿಮೆ ನಿಂತುಹೋಯಿತು. ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಆಯುಷ್ಮಾನ್ ಭಾರತ್ ಯೋಜನೆಯನ್ನು ವಿಸ್ತರಿಸಿ, 70 ತುಂಬಿದ ಎಲ್ಲರಿಗೂ ಆದಾಯ ನೋಡದೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ವಯ ವಂದನಾ ಕಾರ್ಡಿನ ಮೂಲಕ ಒದಗಿಸಿತು. ಇದು ದೊಡ್ಡ ಹೆಜ್ಜೆ, ಮನಸಾರೆ ಸ್ವಾಗತಿಸುತ್ತೇನೆ. ಆದರೆ ನನಗೆ ಆ ಕಾರ್ಡು ಸಿಗುವುದು 2028ರಲ್ಲಿ. ನಮ್ಮಂತೆ ಮೊದಲಿನಿಂದ ಯೋಜನೆಯ ಪಟ್ಟಿಯಲ್ಲಿಲ್ಲದ ಕುಟುಂಬಗಳಲ್ಲಿ ಎಪ್ಪತ್ತು ತುಂಬಿದವರಿಗೆ ಮಾತ್ರ ಅದು ಅನ್ವಯಿಸುವುದರಿಂದ ಪತ್ನಿ 2033ರವರೆಗೆ ಕಾಯಬೇಕು. ನೌಕರಿಯ ವಿಮೆ ಮುಗಿಯುವ ಅರವತ್ತಕ್ಕೂ ಸರ್ಕಾರದ ರಕ್ಷಣೆ ಆರಂಭವಾಗುವ ಎಪ್ಪತ್ತಕ್ಕೂ ನಡುವೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಎಲ್ಲವೂ ಕಾಣಿಸಿಕೊಳ್ಳುವ ವಯಸ್ಸಿನಲ್ಲಿ, ನಮ್ಮಂಥವರು ಮಾರುಕಟ್ಟೆಯ ಕೈಯಲ್ಲಿದ್ದೇವೆ. ಈ ವಯೋಮಿತಿಯನ್ನು ಕನಿಷ್ಠ 65ಕ್ಕಾದರೂ ಇಳಿಸಬೇಕು. ಉಚಿತವಾಗಿ ಕೊಡುವುದು ಕಷ್ಟವಾದರೆ ನ್ಯಾಯವಾದ ಕಂತು ತೆಗೆದುಕೊಂಡು ಅದೇ ಯೋಜನೆಗೆ ಸೇರಿಸಿಕೊಳ್ಳಲಿ. ಕೊಡಲು ನಾವು ಸಿದ್ಧರಿದ್ದೇವೆ.

ಮಹಾರಾಷ್ಟ್ರ ಸರ್ಕಾರ ತನ್ನ ಉಚಿತ ಚಿಕಿತ್ಸೆಯ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯನ್ನು 2024ರ ಜುಲೈಯಿಂದ, ಹೆಚ್ಚು ಆದಾಯವಿರುವ ಬಿಳಿ ರೇಷನ್ ಕಾರ್ಡಿನವರಿಗೂ ತೆರೆದಿದೆಯಲ್ಲವೇ ಎಂದು ಕೆಲವರು ಕೇಳಬಹುದು. ತೆರೆದಿದೆ, ಮಿತಿಯನ್ನೂ ಒಂದೂವರೆ ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದೆ. ಆದರೆ ಅದು ಯೋಜನೆಗೆ ಸೇರಿದ ಆಸ್ಪತ್ರೆಗಳಲ್ಲಿ, ಗೊತ್ತುಪಡಿಸಿದ ಚಿಕಿತ್ಸೆಗಳಿಗೆ ಮಾತ್ರ. ನಡುರಾತ್ರಿ ಎದೆನೋವು ಬಂದಾಗ ರಿಕ್ಷಾದಲ್ಲಿ ಹತ್ತು ನಿಮಿಷಕ್ಕೆ ತಲುಪುವ ಆಸ್ಪತ್ರೆ ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಏನು ಮಾಡುವುದೆಂಬ ಭಯದಿಂದಲೇ ನಾವು ಖಾಸಗಿ ಪಾಲಿಸಿಯನ್ನು ಬಿಡುವ ಧೈರ್ಯ ಮಾಡಿಲ್ಲ.

ಕಂತು ಏಕೆ ಏರುತ್ತದೆ ಎಂಬುದಕ್ಕೆ ಆಸ್ಪತ್ರೆಯ ಬಿಲ್ಲನ್ನು ನೋಡದೆ ಉತ್ತರ ಸಿಗುವುದಿಲ್ಲ. 2022ರ ಡಿಸೆಂಬರಿನಲ್ಲಿ ಪತ್ನಿಯ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಆಗ ನಮ್ಮ ಪಾಲಿಸಿ ಐದು ಲಕ್ಷದ್ದು, ಕೋಣೆಯ ಬಾಡಿಗೆಗೆ ದಿನಕ್ಕೆ 5,000 ರೂಪಾಯಿಯ ಮಿತಿ. ಆಸ್ಪತ್ರೆಯಲ್ಲಿ ಆ ದಿನ ಖಾಲಿಯಿದ್ದದ್ದು 7,500 ರೂಪಾಯಿಯ ಕೋಣೆ. ವ್ಯತ್ಯಾಸದ 2,500 ರೂಪಾಯಿಯನ್ನು ನಾವು ಕೊಟ್ಟರೆ ಮುಗಿಯಿತೆಂದು ತಿಳಿದಿದ್ದೆ. ಆದರೆ ಕೋಣೆಯ ಬಾಡಿಗೆ ಮಿತಿ ಮೀರಿತೆಂಬ ಕಾರಣಕ್ಕೆ ಸರ್ಜನರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕ, ದಾದಿಯರ ಶುಲ್ಕ ಎಲ್ಲದರಲ್ಲೂ ಮೂರರಲ್ಲಿ ಎರಡು ಪಾಲನ್ನಷ್ಟೇ ವಿಮೆ ಕೊಟ್ಟಿತು. ಔಷಧಿ ಮತ್ತು ಪರೀಕ್ಷೆಗಳ ವೆಚ್ಚಕ್ಕೆ ಈ ಕಡಿತ ಮಾಡಬಾರದೆಂದು ಪ್ರಾಧಿಕಾರ 2020ರಲ್ಲಿ ನಿಯಮ ಮಾಡಿದ್ದರಿಂದ ಅಷ್ಟರಮಟ್ಟಿಗೆ ಉಳಿದುಕೊಂಡೆವು. 2022ರ ಜುಲೈಯಿಂದ, ತೀವ್ರ ನಿಗಾ ಘಟಕ ಬಿಟ್ಟು, ದಿನಕ್ಕೆ 5,000 ರೂಪಾಯಿ ಮೀರಿದ ಕೋಣೆಗೆ ಶೇ 5ರ ಜಿಎಸ್‌ಟಿ ಬಂದಿದ್ದರಿಂದ ದಿನಕ್ಕೆ 375 ರೂಪಾಯಿಯಂತೆ ಅದೂ ಸೇರಿತು. ಕೈಗವಸು, ಸಿರಿಂಜು ಮುಂತಾದವುಗಳ ಬೆಲೆಯನ್ನು ವಿಮೆ ಕೊಡುವುದಿಲ್ಲವೆಂದು ತಿಳಿದದ್ದು ಬಿಲ್ಲು ಕೈಗೆ ಬಂದ ಮೇಲೆ. 1,62,000 ರೂಪಾಯಿಯ ಬಿಲ್ಲಿನಲ್ಲಿ 41,000 ರೂಪಾಯಿ ನಾವು ಕೊಟ್ಟೆವು. ಆ ಅನುಭವದಿಂದಲೇ ಮರುವರ್ಷ ಬಾಡಿಗೆ ಮಿತಿಯಿಲ್ಲದ ಹತ್ತು ಲಕ್ಷದ ಪಾಲಿಸಿಗೆ ಬದಲಾಯಿಸಿದೆವು, ಕಂತೂ ಅದಕ್ಕೆ ತಕ್ಕಂತೆ ಏರಿತು.

ಅದೇ ಶಸ್ತ್ರಚಿಕಿತ್ಸೆಗೆ ಮುಂಬೈಯ ಬೇರೆ ಬೇರೆ ಆಸ್ಪತ್ರೆಗಳು ಬೇರೆ ಬೇರೆ ಮೊತ್ತ ಹೇಳುತ್ತವೆ. ವಿಮಾ ಕಂಪನಿಯ ಮೇಲೆ ಪ್ರಾಧಿಕಾರವಿದೆ, ಆಸ್ಪತ್ರೆಯ ದರದ ಮೇಲೆ ಅಂಥ ಪ್ರಾಧಿಕಾರ ಯಾವುದೂ ಇಲ್ಲ. ಆಸ್ಪತ್ರೆಗಳ ನೋಂದಣಿ ಮತ್ತು ನಿಯಂತ್ರಣಕ್ಕಾಗಿ ಬಂದ 2010ರ ಕೇಂದ್ರದ ಕ್ಲಿನಿಕಲ್ ಎಸ್ಟಾಬ್ಲಿಷ್‌ಮೆಂಟ್ಸ್ ಕಾಯ್ದೆಯನ್ನು ಮಹಾರಾಷ್ಟ್ರ ಅಳವಡಿಸಿಕೊಂಡಿಲ್ಲ. ಇಲ್ಲಿ ನಡೆಯುತ್ತಿರುವುದು 1949ರ ನರ್ಸಿಂಗ್ ಹೋಮ್ ನೋಂದಣಿ ಕಾಯ್ದೆ. ಅದರ ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ತಂದು ರೋಗಿಗಳ ಹಕ್ಕುಗಳನ್ನೂ ದರಪಟ್ಟಿಯನ್ನೂ ಪ್ರದರ್ಶಿಸಬೇಕೆಂದು ಹೇಳಲಾಗಿದೆ. ನಾನು ಹೋದ ಆಸ್ಪತ್ರೆಗಳಲ್ಲಿ ಸ್ವಾಗತ ಮೇಜಿನ ಬಳಿ ಅಂಥ ದರಪಟ್ಟಿ ನನ್ನ ಕಣ್ಣಿಗೆ ಬಿದ್ದಿಲ್ಲ. ಮನಸ್ಸು ಮಾಡಿದರೆ ಸರ್ಕಾರಕ್ಕೆ ಸಾಧ್ಯವಿದೆ ಎಂಬುದಕ್ಕೆ ಕೋವಿಡ್ ಕಾಲವೇ ಸಾಕ್ಷಿ. 2020ರ ಮೇ ತಿಂಗಳಲ್ಲಿ ಇದೇ ಮಹಾರಾಷ್ಟ್ರ ಸರ್ಕಾರ ಖಾಸಗಿ ಆಸ್ಪತ್ರೆಗಳ ಶೇ 80ರಷ್ಟು ಹಾಸಿಗೆಗಳನ್ನು ನಿಯಂತ್ರಣಕ್ಕೆ ತೆಗೆದುಕೊಂಡು, ವಾರ್ಡಿಗೆ ದಿನಕ್ಕೆ 4,000, ತೀವ್ರ ನಿಗಾ ಘಟಕಕ್ಕೆ 7,500, ವೆಂಟಿಲೇಟರ್ ಇದ್ದರೆ 9,000 ರೂಪಾಯಿಯೆಂದು ದರ ಗೊತ್ತುಮಾಡಿತ್ತು.

ಪ್ರಾಧಿಕಾರ 2024ರಲ್ಲಿ ತಂದ ಬದಲಾವಣೆಗಳು ನಿಜಕ್ಕೂ ಒಳ್ಳೆಯವು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯಬೇಕಾದ ಗರಿಷ್ಠ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಯಿತು. ಎಂಟು ವರ್ಷದ ಬದಲು ಐದು ವರ್ಷ ಕಂತು ಕಟ್ಟಿದ ಮೇಲೆ, ವಂಚನೆಯ ಹೊರತು, ಮಾಹಿತಿ ಮುಚ್ಚಿಟ್ಟಿರೆಂದು ಕ್ಲೇಮು ನಿರಾಕರಿಸುವಂತಿಲ್ಲ. ಡಿಸ್ಚಾರ್ಜಿನ ಅನುಮತಿಯನ್ನು ಮೂರು ಗಂಟೆಯೊಳಗೆ ಕೊಡಬೇಕು, ತಡವಾದರೆ ಅದರಿಂದ ಹೆಚ್ಚಾದ ಆಸ್ಪತ್ರೆಯ ಖರ್ಚನ್ನು ಕಂಪನಿಯೇ ಭರಿಸಬೇಕು. ಪತ್ನಿಯನ್ನು ಮನೆಗೆ ಕಳುಹಿಸಬಹುದೆಂದು ಡಾಕ್ಟರು ಬೆಳಿಗ್ಗೆ ಹೇಳಿದ ಮೇಲೂ ಸಂಜೆಯವರೆಗೆ ಅನುಮತಿಗಾಗಿ ಕಾದು ಕುಳಿತ ನನಗೆ ಈ ನಿಯಮದ ಬೆಲೆ ಗೊತ್ತು. ಆದರೆ ಇಂಥ ಪ್ರತಿಯೊಂದು ಸೌಲಭ್ಯದ ವೆಚ್ಚವೂ ಕಂತಿನೊಳಗೆ ಬರುತ್ತದೆ, ಎಷ್ಟು ಬಂತೆಂದು ನಮಗೆ ತಿಳಿಯುವುದಿಲ್ಲ.

ತೆರಿಗೆಯ ವಿಷಯವೂ ಹೀಗೆಯೇ. ಕಂತಿನ ಮೇಲಿನ ತೆರಿಗೆ ರದ್ದಾದಾಗ, ವಿಮಾ ಕಂಪನಿಗಳು ತಮ್ಮ ಖರ್ಚುಗಳ ಮೇಲೆ ಕಟ್ಟಿದ ತೆರಿಗೆಯನ್ನು ಗ್ರಾಹಕರಿಂದ ಪಡೆದ ತೆರಿಗೆಯಲ್ಲಿ ಹೊಂದಿಸಿಕೊಳ್ಳುವ ಸೌಲಭ್ಯವೂ ಹೋಯಿತು. ಆ ನಷ್ಟದ ಒಂದಂಶ ಮೂಲ ಕಂತಿಗೆ ಸೇರುವುದನ್ನು ಲೆಕ್ಕಿಗನಾಗಿ ನಾನು ಅರ್ಥಮಾಡಿಕೊಳ್ಳಬಲ್ಲೆ. ಆದರೆ 2023ರಲ್ಲಿ ನಿಗದಿಯಾದ ಮಿತಿಯಂತೆ ಆರೋಗ್ಯ ವಿಮೆ ಮಾತ್ರ ಮಾರುವ ಕಂಪನಿಗಳು ಸಂಗ್ರಹಿಸಿದ ಕಂತಿನಲ್ಲಿ ಶೇ 35ರವರೆಗೆ ಕಮಿಷನ್ ಮತ್ತು ಆಡಳಿತಕ್ಕೆ ಖರ್ಚು ಮಾಡಬಹುದು. ನೂರು ರೂಪಾಯಿಯಲ್ಲಿ ಮೂವತ್ತೈದು ಅಲ್ಲಿಗೇ ಹೋಗಲು ಅವಕಾಶವಿರುವಾಗ ಹೊರೆಯನ್ನೆಲ್ಲ ಹಿರಿಯರ ಮೇಲೆ ಹಾಕುವುದು ಸರಿಯಲ್ಲ.

ಗುಂಪು ವಿಮೆಗೆ ಈ ವಿನಾಯಿತಿಯೂ ಇಲ್ಲ. ಅಲ್ಲಿ ಶೇ 18 ಹಾಗೆಯೇ ಮುಂದುವರಿದಿದೆ. ದಕ್ಷಿಣ ಕನ್ನಡ, ಉಡುಪಿ ಮೂಲದ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾಗಿ ಮುಂಬೈ, ಠಾಣೆ, ಪುಣೆಗಳಲ್ಲಿ ನೆಲೆಸಿದ ನಮ್ಮವರು ಅನೇಕರು ನಿವೃತ್ತರ ಗುಂಪು ಪಾಲಿಸಿಯನ್ನೇ ನಂಬಿದ್ದಾರೆ ಮತ್ತು ಕಂತನ್ನು ಪಿಂಚಣಿಯಿಂದ ಸ್ವತಃ ಭರಿಸುತ್ತಾರೆ. ಉದ್ಯೋಗದಾತ ಕಟ್ಟುವ ವಿಮೆಗೂ ನಿವೃತ್ತರು ತಾವೇ ಕಟ್ಟುವ ವಿಮೆಗೂ ವ್ಯತ್ಯಾಸವನ್ನು ಜಿಎಸ್‌ಟಿ ಮಂಡಳಿ ಗುರುತಿಸಬೇಕು. ಈ ತೆರಿಗೆಯ ಪ್ರಶ್ನೆ ಮುನ್ನೆಲೆಗೆ ಬಂದದ್ದೇ 2024ರ ಜುಲೈಯಲ್ಲಿ, ನಾಗಪುರದ ಜೀವ ವಿಮಾ ನೌಕರರ ಮನವಿಯನ್ನು ಆಧರಿಸಿ ಸಚಿವ ನಿತಿನ್ ಗಡ್ಕರಿಯವರು ಹಣಕಾಸು ಸಚಿವರಿಗೆ ಪತ್ರ ಬರೆದ ಮೇಲೆ. ನಿವೃತ್ತರ ಸಂಘಟನೆಗಳೂ ನಮ್ಮ ಕನ್ನಡ ಸಂಘಗಳೂ ಅಂಥದೇ ಮನವಿಯನ್ನು ತಮ್ಮ ಸಂಸದರ ಮೂಲಕ ಕಳುಹಿಸಬೇಕೆಂದು ವಿನಂತಿಸುತ್ತೇನೆ.

ಹೋಟೆಲುಗಳಲ್ಲಿ ದುಡಿಯುವ ನಮ್ಮ ಹುಡುಗರ ಸ್ಥಿತಿಯನ್ನೂ ಇಲ್ಲಿ ಹೇಳಬೇಕು. ನೌಕರರ ರಾಜ್ಯ ವಿಮೆಯ (ಇಎಸ್‌ಐ) ಸೌಲಭ್ಯಕ್ಕೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿಯೆಂದು ನಿಗದಿಯಾದದ್ದು 2017ರ ಜನವರಿಯಲ್ಲಿ. ಆಮೇಲೆ ಬೆಲೆಗಳು ಏರಿವೆ, ಸಂಬಳವೂ ಅಷ್ಟಿಷ್ಟು ಏರಿದೆ. ಸಾವಿರ ರೂಪಾಯಿ ಹೆಚ್ಚಾದ ಕಾರಣಕ್ಕೆ ಹೆಂಡತಿ ಮಕ್ಕಳ ಚಿಕಿತ್ಸೆಯ ಆಸರೆ ತಪ್ಪುವಂತಾಗಿದೆ. ರೇಷನ್ ಕಾರ್ಡು ಕುಂದಾಪುರ, ಬೈಂದೂರಿನಲ್ಲಿ ಉಳಿದಿರುವುದರಿಂದ ಮಹಾರಾಷ್ಟ್ರದ ಯೋಜನೆಗೂ ಅವರು ಸೇರುವುದಿಲ್ಲ.

ಇವೆಲ್ಲಕ್ಕೂ ಕಾಲ ಬೇಕೆಂದು ಬಲ್ಲೆ. ಆದರೆ ಒಂದು ಕೆಲಸವನ್ನು ಪ್ರಾಧಿಕಾರ ಒಂದು ಸುತ್ತೋಲೆಯಿಂದಲೇ ಮಾಡಬಹುದು. ನವೀಕರಣದ ನೋಟೀಸಿನಲ್ಲಿ ಹಿಂದಿನ ವರ್ಷದ ಮೂಲ ಕಂತು, ವಯಸ್ಸಿನ ಕಾರಣದ ಹೆಚ್ಚಳ, ಚಿಕಿತ್ಸಾ ವೆಚ್ಚದ ಕಾರಣದ ಹೆಚ್ಚಳ, ತೆರಿಗೆ ಹೊಂದಾಣಿಕೆ ತಪ್ಪಿದ ಕಾರಣದ ಹೆಚ್ಚಳ ಇವಿಷ್ಟನ್ನು ಬೇರೆ ಬೇರೆ ಸಾಲುಗಳಲ್ಲಿ, ಪಾಲಿಸಿದಾರ ಕೇಳಿದ ಭಾಷೆಯಲ್ಲಿ, ಕಂತು ಕಟ್ಟುವ ಕೊನೆಯ ದಿನಕ್ಕೆ ಎರಡು ತಿಂಗಳು ಮೊದಲೇ ತಿಳಿಸಬೇಕೆಂದು ಕಡ್ಡಾಯ ಮಾಡಲಿ. ನನ್ನ 5,520 ರೂಪಾಯಿ ಯಾವ ಸಾಲಿಗೆ ಸೇರಿತೆಂದು ಕಂಪನಿಗೆ ಎರಡು ಸಲ ಪತ್ರ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಲೆಕ್ಕಿಗ, ಡೊಂಬಿವಲಿ ಪೂರ್ವ