52 ದಿನ ಜೊತೆಗೆ ಮೊಣಕಾಲೂರಿದವರಿಗೆ

ಸರಪಳಿ ಪ್ರಾರ್ಥನೆ ನಿನ್ನೆ ರಾತ್ರಿಗೆ ಮುಗಿಯಿತು. ನಮ್ಮ ವಿಶ್ವಾಸಕ್ಕೆ ಎದುರಾದ ವಿರೋಧ ಮುಗಿದಿಲ್ಲ. ವಂದನೆ ಹೇಳಲು ಅದು ಮುಗಿಯುವ ತನಕ ಕಾಯಬೇಕಾಗಿಯೂ ಇಲ್ಲ. ಗಂಟೆಗಳನ್ನು ಹಂಚಿಕೊಂಡು ಎಚ್ಚರವಿದ್ದ ಎಲ್ಲರಿಗೂ ಕರ್ತನಲ್ಲಿ ವಂದನೆಗಳು.

ಮೊದಲ ವಂದನೆ, "ಈ ಕಷ್ಟ ತೆಗೆದುಬಿಡು" ಎಂಬಲ್ಲಿಗೇ ನಿಲ್ಲದವರಿಗೆ. ಬೈಬಲಿನ ಅಪೊಸ್ತಲರ ಕೃತ್ಯಗಳ 4ನೇ ಅಧ್ಯಾಯವನ್ನು ಮಾದರಿಯಾಗಿ ಇಟ್ಟುಕೊಂಡದ್ದು ಅದಕ್ಕೇ. ಯೇಸುವಿನ ಶಿಷ್ಯರಾದ ಪೇತ್ರ ಯೋಹಾನರು ಒಂದು ರಾತ್ರಿ ಕಾವಲಲ್ಲಿ ಕಳೆದು, ಯೇಸುವಿನ ಹೆಸರೆತ್ತಬಾರದೆಂಬ ಹಿರೀಸಭೆಯ (ಯೆಹೂದ್ಯರ ಉಚ್ಚ ನ್ಯಾಯಸಭೆಯ) ಬೆದರಿಕೆ ಹೊತ್ತು ಬಂದಿದ್ದರು. ಆಗ ವಿಶ್ವಾಸಿಗಳು ಮಾಡಿದ ಪ್ರಾರ್ಥನೆ 24ರಿಂದ 30ರವರೆಗೆ, ಏಳು ವಚನ. ಐದು ವಚನ ಒಡೆಯನಾದ ದೇವರು ಯಾರೆಂದು ನೆನೆಯುವುದಕ್ಕೇ ಹೋಗುತ್ತದೆ: ಆಕಾಶ, ಭೂಮಿ, ಸಮುದ್ರ, ಎರಡನೆಯ ಕೀರ್ತನೆ, ಯೇಸುವಿಗೆ ಎದುರಾಗಿ ಕೂಡಿದ ಅಧಿಕಾರಿಗಳಾದ ಹೆರೋದನೂ ಪಿಲಾತನೂ ಮೀರಲಾಗದ ಆತನ ಸಂಕಲ್ಪ. ಬೇಡಿಕೆ ಬರುವುದು ಕೊನೆಯ ಎರಡರಲ್ಲಿ. ಬೆದರಿಕೆಗೆ ಸಿಕ್ಕಿದ್ದು ಅರ್ಧ ವಾಕ್ಯ: ಅದನ್ನು ನೋಡು, ಅಷ್ಟೇ. ಬೆದರಿಸಿದವರನ್ನು ಏನು ಮಾಡಬೇಕೆಂದು ದೇವರಿಗೆ ಹೇಳಿಕೊಡಲು ಹೋಗಲಿಲ್ಲ.

ಈ ಅಳತೆ ತಪ್ಪುವುದು ಬಲು ಸುಲಭ. ವಿರೋಧಿಗಳ ವಿವರವೇ ಮುಕ್ಕಾಲು ಗಂಟೆ ತಿಂದರೆ, ಬಂದವರು ಭಯವನ್ನು ಕಂಠಪಾಠ ಮಾಡಿಕೊಂಡು ಎದ್ದು ಹೋಗುತ್ತಾರೆ. (ಪ್ರಾರ್ಥನಾ ವಿಷಯ ಎಂಬ ಹೆಸರಲ್ಲಿ ಚಾಡಿ ಒಳಗೆ ಬರುವುದೂ ಇದೇ ಬಾಗಿಲಿಂದ.) ಬೆದರಿಕೆಯನ್ನು ಒಂದೇ ಸಾಲಿನಲ್ಲಿ ಬರೆದು ಕಳಿಸಿದವರು ದೊಡ್ಡ ಉಪಕಾರ ಮಾಡಿದ್ದೀರಿ.

"ಧೈರ್ಯ ಕೊಡು" ಎಂದಷ್ಟೇ ಹೇಳಿ ಆಮೆನ್ ಅಂದರೂ ಸಾಲದು. ಎಫೆಸದವರಿಗೆ ಬರೆದ ಪತ್ರದಲ್ಲಿ (ಎಫೆಸ 6:19-20) ಬೇಡಿಯಲ್ಲಿದ್ದ ಅಪೊಸ್ತಲ ಪೌಲನು ಕೇಳಿಕೊಂಡದ್ದು ಬಾಯಿ ತೆರೆದಾಗ ಮಾತು ಸಿಗಲಿ ಎಂದು, ಬೇಡಿ ಕಳಚಲಿ ಎಂದಲ್ಲ. ಯಾವ ಮಾತು, ಯಾರ ಮುಂದೆ, ಯಾವ ದಿನ ಎಂದು ಹೆಸರಿಟ್ಟು ಬೇಡಿದವರಿಂದ ಪ್ರಾರ್ಥನೆಗೆ ಕಾಲು ಬಂತು. ಅಲ್ಲಿ ಧೈರ್ಯ ಎಂಬುದಕ್ಕಿರುವ ಗ್ರೀಕ್ ಪದ ಪರ್ರೇಸಿಯ, ಅಂದರೆ ಮುಚ್ಚುಮರೆಯಿಲ್ಲದ ಮಾತು. ದನಿ ಏರಿಸುವುದಲ್ಲ. ಬಿರುಸನ್ನೇ ಧೈರ್ಯವೆಂದುಕೊಂಡರೆ ವಿರೋಧದ ಬೆಂಕಿಗೆ ನಾವೇ ಸೌದೆ ಒಟ್ಟಿದಂತೆ.

ಬಿಡುಗಡೆ ಬೇಡಿದವರು ಮುಜುಗರಪಡಬೇಡಿ. ಸೆರೆಸಿಕ್ಕುವ ಮುನ್ನ ಗೆತ್ಸೇಮನೆ ತೋಟದಲ್ಲಿ ಆ ಪಾತ್ರೆ, ಅಂದರೆ ಬರಲಿದ್ದ ಬಾಧೆ, ತೊಲಗಲಿ ಎಂದು ಯೇಸುವೇ ಬೇಡಿದನು. ಮುಂದೊಮ್ಮೆ ಸೆರೆಯಲ್ಲಿದ್ದ ಪೇತ್ರನಿಗಾಗಿ ಸಭೆಯೂ ಮೊರೆಯಿಟ್ಟಿತು. ಅವನು ಬಿಡುಗಡೆಯಾಗಿ ಬಂದು ಬಾಗಿಲು ತಟ್ಟಿದಾಗ ಮಾತ್ರ, ಅವನು ಬಂದಿದ್ದಾನೆಂದ ಕೆಲಸದ ಹುಡುಗಿ ರೋದೆಯ ಮಾತನ್ನು ಯಾರೂ ನಂಬಲಿಲ್ಲ, ಹುಚ್ಚು ಹಿಡಿದಿದೆ ಎಂದರು!

52 ಎಂಬ ಲೆಕ್ಕ ನೆಹೆಮೀಯನದು. ವಿರೋಧದ ನಡುವೆ ಅವನು ಮತ್ತೆ ಕಟ್ಟಿಸಿದ ಯೆರೂಸಲೇಮಿನ ಗೋಡೆ ಮುಗಿದದ್ದು ಅಷ್ಟು ದಿನದಲ್ಲಿ. ಅವನು ಪ್ರಾರ್ಥನೆಯ ಜೊತೆಗೇ ಹಗಲಿರುಳು ಕಾವಲನ್ನೂ ಇಟ್ಟನು. ಹಾಗಾಗಿ ಬೆದರಿಕೆಗಳ ದಿನಾಂಕ ಬರೆದಿಟ್ಟವರು, ಕಾಗದಪತ್ರ ಜೋಡಿಸಿದವರು, ಯಾರೂ ಒಂಟಿಯಾಗಿ ಹೋಗದಂತೆ ಜೊತೆಗೆ ನಡೆದವರು, ಮೊಣಕಾಲೂರಿದವರಷ್ಟೇ ವಂದನೆಗೆ ಪಾತ್ರರು.

ಮುಂದಿನ ಸರಪಳಿಯಲ್ಲಿ ರಾತ್ರಿ 2ರಿಂದ 3ರ ಗಂಟೆ ಇನ್ನೂ ಖಾಲಿಯಿದೆ.