ಹಪ್ಪಳದ ಋಣ

ಈ ವರ್ಷದ ಹಲಸಿನ ಹಪ್ಪಳದ ಕೊನೆಯ ಕಟ್ಟು ಕಳೆದ ವಾರ ಧಾರವಾಡಕ್ಕೆ ಹೋಯಿತು. ಕಿರಾಣಿ ಅಂಗಡಿಯ ಬಾಕಿ ತೀರಿದೆ, ಒತ್ತಲು ಬಂದವರ ಕೂಲಿ ಕೊಟ್ಟಾಗಿದೆ, ಬ್ಯಾಂಕಿನಲ್ಲಿ ಸಾಲವಿಲ್ಲ, ಮಕ್ಕಳ ಶಾಲೆಯ ಶುಲ್ಕವನ್ನು ಯಾರ ಮುಂದೆಯೂ ಕೈಯೊಡ್ಡದೆ ಕಟ್ಟಿದ್ದೇನೆ. 2024 ಮತ್ತು 2025, ಎರಡು ಬೇಸಿಗೆಯ ವ್ಯಾಪಾರದ ಗಳಿಕೆ ಇಷ್ಟು. ಇದನ್ನು ತಿಳಿಸಲೇಬೇಕಾದವರು ಬಹಳ ಮಂದಿ ಇದ್ದೀರಿ, ಒಬ್ಬೊಬ್ಬರಿಗೆ ಫೋನು ಮಾಡುತ್ತ ಕುಳಿತರೆ ಗಣೇಶನ ಹಬ್ಬ ಬಂದೀತು. ಹಾಗಾಗಿ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಇದನ್ನು ಏಕೆ ಶುರು ಮಾಡಬೇಕಾಯಿತು, ಆ ವರ್ಷ ನಮ್ಮ ಮನೆಯವರು ಆಸ್ಪತ್ರೆ ಸೇರಿ ಏನೇನಾಯಿತು ಎನ್ನುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಕೆದಕುವುದಿಲ್ಲ. ನಮ್ಮ ಮನೆಯವರು ಈಗ ತೋಟದವರೆಗೆ ನಡೆದು ಹೋಗಿ ಬರುತ್ತಾರೆ. ಪೊಟ್ಟಣಕ್ಕೆ ಮೊಹರು ಒತ್ತುವ ಕೆಲಸ ತಮ್ಮದೇ ಎಂದು ಹಟ ಹಿಡಿಯುತ್ತಾರೆ, ಬೇರೆಯವರು ಒತ್ತಿದರೆ ಸೊಟ್ಟಗಾಗುತ್ತದಂತೆ.

ಮೊಹರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಅಂತರ್ಜಾಲದಲ್ಲಿ ಮಾರುತ್ತೇನೆ ಎಂದ ಕೂಡಲೇ ಸಲಹೆಗಳು ಮಳೆಗಾಲದ ಇಂಬಳದಂತೆ ಎಲ್ಲ ಕಡೆಯಿಂದ ಹತ್ತಿಕೊಂಡವು. ಜಾಲತಾಣ ಮಾಡಿಸು, ಲೋಗೋ ಬರೆಸು, ಬಣ್ಣದ ಡಬ್ಬಿ ಅಚ್ಚು ಹಾಕಿಸು, ಜಾಹೀರಾತಿಗೆ ದುಡ್ಡು ಸುರಿ. ಮೊದಲ ಹಪ್ಪಳ ಒಣಗುವ ಮೊದಲೇ ಒಬ್ಬ ಮಹಾಶಯರು ಜಾಲತಾಣದ ದರಪಟ್ಟಿ ಕಳಿಸಿದ್ದರು. ಆ ಮೊತ್ತಕ್ಕೆ ನಮ್ಮ ಊರಿನ ಹಲಸಿನ ಮರಗಳನ್ನೆಲ್ಲ ಒಂದು ವರ್ಷಕ್ಕೆ ಗುತ್ತಿಗೆ ಹಿಡಿಯಬಹುದಿತ್ತು.

ಇವೆಲ್ಲ ಬೇಡ ಎಂದು ಮೊದಲು ಬಿಡಿಸಿ ಹೇಳಿದವಳು ನನ್ನ ಅಕ್ಕನ ಮಗಳು. ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಟ್ಟು, ಅಂಗಳದ ಬೆಳಕಿನಲ್ಲಿ ಚಿತ್ರ ತೆಗೆದು, ದರ ಬರೆದು, ಯುಪಿಐ ಸಂಕೇತದ ಹಾಳೆಯನ್ನು ಗೋಡೆಗೆ ಅಂಟಿಸಿ ಹೋದಳು. ಖರ್ಚು ಸೊನ್ನೆ. ತಿನ್ನುವ ಪದಾರ್ಥ ಮಾರುವುದಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬಿಡುವಂತಿಲ್ಲ. 2024ರ ನಿಯಮದಂತೆ ವರ್ಷದ ವಹಿವಾಟು 12 ಲಕ್ಷ ರೂಪಾಯಿ ದಾಟದವರಿಗೆ ಮೂಲ ನೋಂದಣಿ ಸಾಕಿತ್ತು, ಅದರ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಅದನ್ನು ಮಾಡಿಸಿಕೊಡಲು ಒಬ್ಬ ಮಧ್ಯವರ್ತಿ ಸಾವಿರಗಳ ಲೆಕ್ಕದಲ್ಲಿ ಕೇಳಿದ್ದರು. ಹುಡುಗಿ ಗುಡ್ಡದ ಮೇಲೆ ಸಿಗ್ನಲ್ ಸಿಗುವ ಬಂಡೆಯ ಮೇಲೆ ಕುಳಿತು ತಾನೇ ಅರ್ಜಿ ತುಂಬಿದಳು. ಹದಿನಾಲ್ಕು ಅಂಕಿಗಳ ಆ ಸಂಖ್ಯೆ, ನಮ್ಮ ವಿಳಾಸ, ಒಳಗಿರುವ ಪದಾರ್ಥಗಳ ಹೆಸರು ಇಷ್ಟನ್ನೂ ಸೇರಿಸಿ ಶಿರಸಿ ಪೇಟೆಯಲ್ಲಿ ಒಂದು ರಬ್ಬರ್ ಮೊಹರು ಮಾಡಿಸಿದೆವು. ತೂಕ, ದರ, ದಿನಾಂಕವನ್ನು ಪೆನ್ನಿನಲ್ಲಿ ಬರೆಯುತ್ತೇವೆ. ನಮ್ಮ ಲೋಗೋ ಎಂದರೆ ಆ ನೀಲಿ ಶಾಯಿಯೇ.

ಇನ್ನು ಅತ್ತಿಗೆ.

ಅವರು ನನ್ನ ಅಣ್ಣನ ಹೆಂಡತಿಯಲ್ಲ, ತೋಟದ ಆಚೆ ಕೆಳಮನೆಯವರು. ನೆಂಟಸ್ತನದ ಎಳೆ ಹಿಡಿದು ಹೋದರೆ ಎಲ್ಲೋ ಸಿಗಬಹುದು. ಬಾಯಿ ಜೋರು. ಕವಳ ಹಾಕಿ ಕುಳಿತರೆ ಊರಿನವರ ತಪ್ಪುಗಳ ಪಟ್ಟಿ ಮುಗಿಯುವುದಿಲ್ಲ, ಅದರಲ್ಲಿ ನನ್ನದೂ ಇರುತ್ತದೆ. ಅವರು ಮೊಬೈಲನ್ನು ಈವರೆಗೆ ಮುಟ್ಟಿಲ್ಲ. ನಾನು ಏನು ಮಾರುತ್ತೇನೆ, ಯಾರಿಗೆ ಮಾರುತ್ತೇನೆ ಎನ್ನುವುದು ಅವರಿಗೆ ಈಗಲೂ ಪೂರ್ತಿ ನಂಬಿಕೆಯಾಗಿಲ್ಲ. ಮುಖ ನೋಡದವರು ದುಡ್ಡು ಮೊದಲೇ ಏಕೆ ಕಳಿಸುತ್ತಾರೆ ಎನ್ನುವುದು ಅವರ ಪ್ರಶ್ನೆ. ನನ್ನಲ್ಲೂ ಅದಕ್ಕೆ ಒಳ್ಳೆಯ ಉತ್ತರವಿಲ್ಲ.

ಮೊದಲ ವರ್ಷದ ಮೇ ತಿಂಗಳು. ಬೆಂಗಳೂರಿನ ಮದುವೆಮನೆಯೊಂದರ ಬೇಡಿಕೆ, ಮುಂಗಡ ಬಂದಿತ್ತು, ಆ ಹಣ ಆಗಲೇ ಆಸ್ಪತ್ರೆಗೆ ಹೋಗಿತ್ತು. ಬೆಳಿಗ್ಗೆಯಿಂದ ತೊಳೆ ಬಿಡಿಸಿ, ಬೇಯಿಸಿ, ಬಿಸಿಯಿರುವಾಗಲೇ ಕುಟ್ಟಿ, ಒತ್ತಿ, ಅಂಗಳದ ತುಂಬ ಚಾಪೆಯ ಮೇಲೆ ಹರವಿದ್ದೆವು. ಇಳಿಹೊತ್ತಿಗೆ ಗಾಳಿ ಎದ್ದಿತು. ಒಳಗೆ ಎತ್ತಿಕೊಳ್ಳುವಷ್ಟರಲ್ಲಿ ಗುಡುಗು, ಮಳೆ, ಮೇಲಿಂದ ಕರೆಂಟೂ ಹೋಯಿತು. ಹಲಸಿನ ಹಪ್ಪಳ ಅರೆ ಒಣಗಿದ ಸ್ಥಿತಿಯಲ್ಲಿ ರಾತ್ರಿಯ ತೇವಕ್ಕೆ ಸಿಕ್ಕಿದರೆ ಬೆಳಿಗ್ಗೆಗೆ ಹುಳಿವಾಸನೆ, ಮಾರನೆಯ ದಿನ ಬೂಸು. ಆಸ್ಪತ್ರೆಯಲ್ಲಿ ಮನೆಯವರ ಹಾಸಿಗೆಯ ಪಕ್ಕ ಅಣ್ಣ ಇದ್ದ. ಇತ್ತ ಮನೆಯಲ್ಲಿ ಮಲಗಿದ ಇಬ್ಬರು ಮಕ್ಕಳು, ಕೊಡೆ ಹಿಡಿಯದೆ ಗೋಣಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು ಬಂದ ಅತ್ತಿಗೆ, ಮತ್ತು ನಾನು.

ನಾನು ಬಚ್ಚಲ ಒಲೆಯ ಮೇಲೆ ಹರವಲು ಹೊರಟಿದ್ದೆ. ‘ಹೊಗೆ ಹಿಡಿದ ಹಪ್ಪಳವನ್ನು ಮದುವೆಗೆ ಬಡಿಸುತ್ತಾರೆಯೇ?’ ಎಂದು ಅತ್ತಿಗೆ ತಡೆದರು. ಕೊಟ್ಟಿಗೆಯ ಜಗಲಿಯಲ್ಲಿ ತೆಂಗಿನ ಗೆರಟೆ ಉರಿಸಿ, ಹೊಗೆಯೆಲ್ಲ ಹೋಗಿ ಬರಿಯ ಕೆಂಡ ಉಳಿದ ಮೇಲೆ ಅದನ್ನು ಹಳೆಯ ಕಬ್ಬಿಣದ ಬಾಣಲೆಗಳಲ್ಲಿ ಒಳಗೆ ತಂದರು. ಅಡಿಕೆ ಒಣಗಿಸುವ ಬಿದಿರಿನ ತಟ್ಟಿಗಳನ್ನು ಬೆಂಚು, ಕುರ್ಚಿಗಳ ಮೇಲೆ ಅಡ್ಡ ಇಟ್ಟು, ಅದರ ಮೇಲೆ ಹಪ್ಪಳ, ಕೆಳಗೆ ಕೆಂಡ. ಅಂಗೈಯನ್ನು ತಟ್ಟಿಯ ಮೇಲಿಟ್ಟು ನೋಡುತ್ತಿದ್ದರು: ಬೆಚ್ಚಗಾಗಬೇಕು, ಸುಡಬಾರದು, ಸುಟ್ಟರೆ ಅಂಚು ಮಡಚಿ ಡಬ್ಬಿಗೆ ಕೂರುವುದಿಲ್ಲ. ಬಾಣಲೆಗಳನ್ನು ಸರಿಸುತ್ತ, ಹಪ್ಪಳವನ್ನು ಒಂದೊಂದಾಗಿ ಮಗುಚುತ್ತ ರಾತ್ರಿ ಸಾಗಿತು. ಅವರು ಒಂದೇ ಸಮನೆ ಬೈಯುತ್ತಿದ್ದರು. ಮಳೆಯನ್ನು, ಮದುವೆಮನೆಯವರನ್ನು, ಹಪ್ಪಳ ತೀರ ದಪ್ಪ ಒತ್ತಿದ್ದಾರೆಂದು ಒತ್ತಿದವರನ್ನು, ಊಟ ಮಾಡದ ನನ್ನನ್ನು.

ಕೋಳಿ ಕೂಗುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಇದು ಹಪ್ಪಳಕ್ಕಾಗಿ ಬಂದ ಅಳುವಲ್ಲ. ನಮ್ಮ ಮನೆಯವರು ಆಸ್ಪತ್ರೆಯಿಂದ ವಾಪಸು ಬರದಿದ್ದರೆ ಎಂಬ ಮಾತನ್ನು ಅಷ್ಟು ದಿನ ನಾನು ಮನಸ್ಸಿನಲ್ಲಿಯೂ ಪೂರ್ತಿ ಮಾಡಿರಲಿಲ್ಲ, ಆ ಹೊತ್ತಿನಲ್ಲಿ ಅದು ಪೂರ್ತಿಯಾಗಿಬಿಟ್ಟಿತು. ಅತ್ತಿಗೆ ನನ್ನ ತಲೆ ಸವರಲಿಲ್ಲ, ಎಲ್ಲ ಸರಿಹೋಗುತ್ತದೆ ಎನ್ನಲಿಲ್ಲ. ‘ತಂಗೀ, ಅಳುವುದಾದರೆ ಆಚೆ ತಿರುಗಿ ಅಳು. ಒಣಗಿದ್ದರ ಮೇಲೆ ನೀರು ಬೀಳಿಸಬೇಡ’ ಎಂದರು. ಸ್ವಲ್ಪ ಹೊತ್ತು ಅಳುತ್ತ ನಗುತ್ತ ಕುಳಿತೆ. ಅಷ್ಟರಲ್ಲಿ ಅವರು ನನ್ನ ಪಾಲಿನ ತಟ್ಟಿಯನ್ನೂ ಮಗುಚಿ ಮುಗಿಸಿದ್ದರು.

ಮದುವೆಗೆ ಹಪ್ಪಳ ಹೋಯಿತು. ಕೂಲಿ ಎಂದು ಕೈಗೆ ದುಡ್ಡು ಇಡಲು ಹೋದರೆ ಅದಕ್ಕೂ ಬೈದರು. ಅವರ ಮಗಳ ಮನೆಗೆ ಪ್ರತಿ ವರ್ಷ ಒಂದು ಕಟ್ಟು ಹೋಗಬೇಕು, ಅಂಚೆಯ ಖರ್ಚು ನನ್ನದು ಎಂಬ ಒಪ್ಪಂದ ಆಗಿದೆ. ಮುರಿಯುವಂತಿಲ್ಲ.

ಈ ವರ್ಷ ಯಂತ್ರ ಕೊಳ್ಳುವ ಮಾತು ಬಂದಾಗಲೂ ಅವರನ್ನೇ ಕೇಳಿದೆ. ಸಣ್ಣ ಆಹಾರ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ತಂದ ಪಿಎಂಎಫ್‌ಎಂಇ ಯೋಜನೆಯಲ್ಲಿ 2025ರಲ್ಲಿ ಶೇ 35ರಷ್ಟು ಸಹಾಯಧನ ಸಿಗುತ್ತಿತ್ತು, ಅದರ ಮೇಲೆ ರಾಜ್ಯ ಸರ್ಕಾರದ ಪಾಲೂ ಇತ್ತು. ದೊಡ್ಡದಾಗಿ ಮಾಡುವವರಿಗೆ ನಿಜಕ್ಕೂ ಒಳ್ಳೆಯ ಯೋಜನೆ. ಆದರೆ ಉಳಿದದ್ದು ನಾನು ತೀರಿಸಬೇಕಾಗಿದ್ದ ಸಾಲ. ‘ಹಲಸು ಇರುವುದು ಮೂರು ತಿಂಗಳು, ಕಂತು ಹನ್ನೆರಡು ತಿಂಗಳು’ ಎಂದು ಅತ್ತಿಗೆ ಎದ್ದು ಹೋದರು. ಯಂತ್ರ ಬರಲಿಲ್ಲ. ಒತ್ತುವ ಮಣೆ ಇನ್ನೊಂದನ್ನು ಆಚಾರಿಯವರಿಂದ ಮಾಡಿಸಿದೆವು.

ಉಳಿದವರಿಗೂ ನಾನು ಋಣಿ: ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಎತ್ತಿಟ್ಟು ಕೊಟ್ಟ ಕಿರಾಣಿ ಅಂಗಡಿಯವರು, ಪೊಟ್ಟಣದ ಮೂಲೆಗೆ ಕಾಗದ ತುರುಕಿದರೆ ಹಪ್ಪಳ ಒಡೆಯುವುದಿಲ್ಲ ಎಂದು ತೋರಿಸಿಕೊಟ್ಟ ಅಂಚೆ ಕಚೇರಿಯವರು, ಆಸ್ಪತ್ರೆಯಲ್ಲಿ ರಾತ್ರಿ ಕಾದ ಅಣ್ಣ, ಒತ್ತಲು ಬಂದ ಅಕ್ಕಂದಿರು, ಕರಿದ ಹಪ್ಪಳದ ಚಿತ್ರ ಕಳಿಸಿ ನಾಲ್ಕು ಮನೆಗೆ ಹೇಳಿದ ನೀವೆಲ್ಲ. ನನಗೆ ಬೇರೆ ಜಾಹೀರಾತು ಬೇಕಾಗಲಿಲ್ಲ.

ಇನ್ನೊಬ್ಬರನ್ನು ಮಾತ್ರ ಬೇರೆಯಾಗಿ ನೆನೆಯಬೇಕು, ಲೆಕ್ಕಪತ್ರ ನೋಡುವ ಗೆಳತಿ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಬೆಂಗಳೂರಿನ ಬೇಕರಿ, ಸಣ್ಣ ಅಂಗಡಿಗಳಿಗೆ ತೆರಿಗೆಯ ನೋಟಿಸು ಬಂದು, ಅಂಗಡಿಗಳ ಮುಂದೆ ‘ಯುಪಿಐ ಇಲ್ಲ’ ಎಂಬ ಫಲಕ ನೇತುಬಿದ್ದಾಗ ನನಗೂ ನಿದ್ದೆ ಹಾರಿತ್ತು. ಹಪ್ಪಳಕ್ಕೆ, ಅದರ ಹೆಸರು ಏನೇ ಇರಲಿ, ಜಿಎಸ್‌ಟಿ ಇಲ್ಲ. ನನ್ನ ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿಯ ಹತ್ತಿರವೂ ಸುಳಿಯುವುದಿಲ್ಲ ಎಂದು ಪುಸ್ತಕ ತೆರೆದು ಕೂಡಿಸಿ ತೋರಿಸಿದಳು. ಶುಲ್ಕಕ್ಕೆ ಬದಲು ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದುಕೊಂಡು ಹೋದಳು.

ಆ ಅಪ್ಪೆಮಿಡಿಯ ಚಿತ್ರ ನೋಡಿ ಮುಂಬೈ, ಪುಣೆಯವರು ಕೇಳುತ್ತಲೇ ಇದ್ದೀರಿ. ಉಪ್ಪಿನಕಾಯಿಗೆ ತೆರಿಗೆ ಇದೆ. ತೆರಿಗೆ ಇರುವ ಸರಕನ್ನು ರಾಜ್ಯದ ಆಚೆ ಮಾರಬೇಕಾದರೆ ವಹಿವಾಟು ಎಷ್ಟೇ ಚಿಕ್ಕದಿರಲಿ, ಜಿಎಸ್‌ಟಿ ನೋಂದಣಿ ಬೇಕು, ಅದರ ಹಿಂದೆ ಲೆಕ್ಕ ಸಲ್ಲಿಸುವ ಕೆಲಸ ಬೇರೆ. ಸದ್ಯಕ್ಕೆ ಅದು ನನಗೆ ಬೇಡ. ಕರ್ನಾಟಕದೊಳಗಿನವರಿಗೂ ಈ ವರ್ಷದ ಭರಣಿ ಖಾಲಿಯಾಗಿದೆ. ಹಪ್ಪಳಕ್ಕೆ ಮಾರ್ಚ್ ಕಳೆದ ಮೇಲೆ ಕೇಳಿ. ಸಂಜೆ ಏಳರ ನಂತರ ಫೋನು ಮಾಡಬೇಡಿ, ಸಿಗ್ನಲ್ ಇರುವುದು ಗುಡ್ಡದ ಮೇಲೆ ಮಾತ್ರ.