ಒಂದು ಅಂಕದ ಉತ್ತರದಲ್ಲಿ ಕಳೆದುಹೋದ ವಿಲಿಯಂ ಕೇರಿ

ಮಾನ್ಯ ಸಂಪಾದಕರೇ,

ಮೈಸೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೈಪಿಡಿಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ‘ಕನ್ನಡದಲ್ಲಿ ಅಚ್ಚಾದ ಮೊದಲ ಪುಸ್ತಕ ಯಾವುದು?’ ಉತ್ತರ, ವಿಲಿಯಂ ಕೇರಿಯ ‘ಎ ಗ್ರಾಮರ್ ಆಫ್ ದ ಕರ್ನಾಟ ಲ್ಯಾಂಗ್ವೇಜ್’, 1817. ಇಸವಿ ಸರಿ, ಕರ್ತೃವೂ ಸರಿ. ‘ಕನ್ನಡದಲ್ಲಿ’ ಎಂಬುದು ಸರಿಯಲ್ಲ. ಅದು ಇಂಗ್ಲಿಷ್ ಬಲ್ಲವರಿಗಾಗಿ ಇಂಗ್ಲಿಷಿನಲ್ಲೇ ಬರೆದ ವ್ಯಾಕರಣ. ಕನ್ನಡ ಅಕ್ಷರಗಳು ಬರುವುದು ಪದರೂಪ, ಉದಾಹರಣೆಗಳಲ್ಲಿ. ಕೇರಿಯನ್ನು ಕಿಟೆಲ್ ಸಾಲಿಗೆ ಸೇರಿಸಿ ‘ಬಾಸೆಲ್ ಮಿಷನ್ನಿನವರು’ ಎನ್ನುವುದೂ ಉಂಟು. ಸ್ವಿಟ್ಜರ್ಲೆಂಡಿನ ಆ ಮಿಷನ್ನಿನ ಮೊದಲಿಗರು ಮಂಗಳೂರಿಗೆ ಕಾಲಿಟ್ಟದ್ದು 1834ರ ಅಕ್ಟೋಬರಿನಲ್ಲಿ. ಅದೇ ವರ್ಷದ ಜೂನ್ 9ರಂದು ಕೇರಿ ಬಂಗಾಳದಲ್ಲಿ ತೀರಿಕೊಂಡಾಗಿತ್ತು. ಆತ ಬ್ಯಾಪ್ಟಿಸ್ಟ್ ಎಂಬ ಬೇರೆ ಕ್ರೈಸ್ತ ಪಂಥದ ಪಾದ್ರಿ, ಕನ್ನಡ ನಾಡನ್ನು ಕಂಡವನೇ ಅಲ್ಲ.

1761ರಲ್ಲಿ ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಹುಟ್ಟಿ, ಜೋಡು ಹೊಲಿಯುವ ಕಸುಬು ಕಲಿತು, ಆಮೇಲೆ ಪಾದ್ರಿಯಾದವನು 1793ರಲ್ಲಿ ಬಂಗಾಳಕ್ಕೆ ಬಂದ. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳೆಂದರೆ ಆಗುತ್ತಿರಲಿಲ್ಲ. ಹಾಗಾಗಿ 1800ರಲ್ಲಿ ಡೇನರ ಆಡಳಿತದಲ್ಲಿದ್ದ ಶ್ರೀರಾಮಪುರ ಸೇರಿದ. ಇದು ನಮ್ಮ ಶ್ರೀರಂಗಪಟ್ಟಣದ ಪಕ್ಕದ ಊರಲ್ಲ, ಹೂಗ್ಲಿ ನದಿ ದಂಡೆಯದು.

ಆ ವ್ಯಾಕರಣ ಅಚ್ಚಾದದ್ದು ಅಲ್ಲಿಯ ಮಿಷನ್ ಅಚ್ಚುಕೂಟದಲ್ಲಿ. ಅದರ ಕೆಲಸ ತಿಳಿದರೆ 1817ರ ಬೆಲೆ ಗೊತ್ತಾಗುತ್ತದೆ. ಮೊದಲು ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕೊರೆಯಬೇಕು. ಕಾಯಿಸಿ ಹದ ಮಾಡಿ, ತಾಮ್ರದ ತುಂಡಿನ ಮೇಲೆ ಹೊಡೆದರೆ ಪಡಿಯಚ್ಚು ಸಿದ್ಧ. ಅದಕ್ಕೆ ಸೀಸ, ತವರ, ಆ್ಯಂಟಿಮೊನಿ ಕರಗಿಸಿ ಹೊಯ್ದು ಅಚ್ಚುಮೊಳೆಗಳನ್ನು ಒಂದೊಂದಾಗಿ ತೆಗೆಯಬೇಕು. ಇಂಗ್ಲಿಷಿಗೆ 26 ಅಕ್ಷರ, ದೊಡ್ಡದು ಚಿಕ್ಕದು ಸೇರಿದರೂ 52. ಕನ್ನಡದಲ್ಲಿ ಕ, ಕಿ, ಕೆ ಮೂರಕ್ಕೂ ತಲೆಕಟ್ಟು ಬೇರೆ ಬೇರೆ; ಪಕ್ಕದಲ್ಲಿ ಗುಣಿತದ ಚಿಹ್ನೆಯೊಂದನ್ನು ಇಟ್ಟು ಮುಗಿಸುವಂತಿಲ್ಲ. ಒತ್ತಕ್ಷರದ್ದು ಇನ್ನೊಂದು ಕಾಟ. ಅದು ಸಾಲಿನ ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಜಾಗ ಬಿಡಬೇಕು. ಜಾಗ ಉಳಿಸಲು ಮೊಳೆಯ ಅಂಚನ್ನು ಹೊರಚಾಚಿದರೆ ಒತ್ತಡಕ್ಕೆ ಮುರಿಯುತ್ತದೆ. 1812ರ ಮಾರ್ಚಿನಲ್ಲಿ ಈ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಕಾಗದ, ಹಸ್ತಪ್ರತಿಗಳೆಲ್ಲ ಸುಟ್ಟುಹೋದವು. ಉಕ್ಕಿನ ಅಚ್ಚುಗಳು ಬೂದಿಯಡಿ ಉಳಿದಿದ್ದರಿಂದ, ಕರಗಿ ಹೆಪ್ಪುಗಟ್ಟಿದ ಲೋಹವನ್ನೇ ಮತ್ತೆ ಹೊಯ್ದು ಕೆಲಸ ಮುಂದುವರಿಸಿದರು.

ಕೇರಿ, ಆತನ ಜೊತೆಗಾರ ಮಿಷನರಿಗಳಾದ ಮಾರ್ಷ್‌ಮನ್, ವಾರ್ಡ್ ಸೇರಿ 1818ರಲ್ಲಿ ಶ್ರೀರಾಮಪುರದಲ್ಲಿ ಕಾಲೇಜು ತೆರೆದಾಗ ಇದ್ದ ವಿದ್ಯಾರ್ಥಿಗಳು 37, ಅವರಲ್ಲಿ ಕ್ರೈಸ್ತರು 19. ಪಾದ್ರಿಗಳನ್ನು ತಯಾರಿಸುವ ಮಠ ಎಂದು ಇದನ್ನು ಬರೆಯುವುದು ಅರ್ಧ ಸತ್ಯ. ಪೌರ್ವಾತ್ಯ ಸಾಹಿತ್ಯ ಮತ್ತು ಯುರೋಪಿನ ವಿಜ್ಞಾನವನ್ನು ಕ್ರೈಸ್ತರಿಗೂ ಇತರರಿಗೂ ಕಲಿಸುವುದೆಂದು ಅದರ ಪ್ರಕಟಣೆಯಲ್ಲೇ ಇತ್ತು. 1827ರಲ್ಲಿ ಡೆನ್ಮಾರ್ಕಿನ ದೊರೆ ಪದವಿ ನೀಡುವ ಸನ್ನದು ಕೊಟ್ಟ. ಕಲ್ಕತ್ತ, ಬೊಂಬಾಯಿ, ಮದರಾಸು ವಿಶ್ವವಿದ್ಯಾಲಯಗಳಿಗಿಂತ 30 ವರ್ಷ ಮೊದಲು. ಹಣ ಮಾತ್ರ ನಿಲ್ಲಲಿಲ್ಲ. ಕಲ್ಕತ್ತದ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಿ ಕೇರಿ ಪಡೆಯುತ್ತಿದ್ದ ಸಂಬಳ 500 ರೂಪಾಯಿಯಿಂದ 1,000ಕ್ಕೆ ಏರಿದರೂ ಅದರ ಬಹುಪಾಲು ಮಿಷನ್ನಿನ ಖರ್ಚಿಗೇ ಹೋಗುತ್ತಿತ್ತು. 1830ರ ನಂತರ ಕಲ್ಕತ್ತದ ವ್ಯಾಪಾರಿ ಕೋಠಿಗಳು ಒಂದರ ಹಿಂದೆ ಒಂದು ಮುಳುಗಿ, ಅಲ್ಲಿಟ್ಟಿದ್ದ ನಿಧಿಯೂ ಹೋಯಿತು.

ಗಿಡಮರಗಳ ಹುಚ್ಚೂ ಆತನಿಗಿತ್ತು. ನಾಗರಹೊಳೆ ಕಾಡಿನ ಕವಲು ಮರದ ಶಾಸ್ತ್ರೀಯ ಹೆಸರು ‘ಕೇರಿಯ ಅರ್ಬೋರಿಯ’. ಆ ಕುಲದ ಹೆಸರು ಈ ಪಾದ್ರಿಯದೇ.

ಹೊಗಳಿಕೆಯಷ್ಟೇ ಸಾಲದು. ಶ್ರೀರಾಮಪುರದಲ್ಲಿ ಕನ್ನಡಕ್ಕೆ ತಂದ ಬೈಬಲಿನ ಹೊಸ ಒಡಂಬಡಿಕೆ ಹೊರಬಂದರೂ ನೆಲೆ ನಿಲ್ಲಲಿಲ್ಲ. ಕನ್ನಡ ಆಡುವ ಊರಿನಿಂದ ಅಷ್ಟು ದೂರ ಕುಳಿತು, ಪಂಡಿತರನ್ನೇ ನಂಬಿ, ಹತ್ತಾರು ಭಾಷೆಗಳ ಅನುವಾದವನ್ನು ಒಟ್ಟೊಟ್ಟಿಗೆ ತಿದ್ದಿದರೆ ಆಗುವುದೇ ಹಾಗೆ. ಬಳ್ಳಾರಿಯಲ್ಲೇ ನೆಲೆಸಿ ದುಡಿದ ಮಿಷನರಿ ಜಾನ್ ಹ್ಯಾಂಡ್ಸ್ ಅವರ ಅನುವಾದವೇ ಮುಂದೆ ಬಳಕೆಗೆ ಬಂತು.

ಕೈಪಿಡಿಯ ಪ್ರಶ್ನೆಯನ್ನು ‘1817ರಲ್ಲಿ ಶ್ರೀರಾಮಪುರದಲ್ಲಿ ಕನ್ನಡ ಅಚ್ಚುಮೊಳೆ ಬಳಸಿ ಮುದ್ರಿಸಿದ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣದ ಕರ್ತೃ ಯಾರು?’ ಎಂದು ತಿದ್ದಿದರೆ ಸಾಕು. ಉತ್ತರ ಬದಲಾಗುವುದಿಲ್ಲ, ಅಂಕವೂ ಒಂದೇ.

– ಮುದ್ರಣ ಚರಿತ್ರೆಯ ಆಸಕ್ತರು, ಸರಸ್ವತಿಪುರಂ, ಮೈಸೂರು